ರೈಲು ಬಾರದ ನಿಲ್ದಾಣದಲ್ಲಿ ಒಂದು ಶನಿವಾರ

ಅಮೆರಿಕದ ಡೆಟ್ರಾಯಿಟ್‌ನ ಹೊರವಲಯದ ಟ್ರಾಯ್ ಪಟ್ಟಣಕ್ಕೆ ನಾನು ಬಂದು ಇಪ್ಪತ್ತೆರಡು ವರ್ಷಗಳಾದವು. ಕಾರಿನ ಬಿಡಿಭಾಗಗಳ ವಿನ್ಯಾಸವೇ ನನಗೆ ಅನ್ನ ಕೊಟ್ಟ ಕೆಲಸ. ಆದರೂ ಕಾರಿನಿಂದಲೇ ಜಗತ್ತಿಗೆ ಪರಿಚಿತವಾದ ಆ ನಗರದ ಡೌನ್‌ಟೌನ್‌ಗೆ ನಾವು ಹೋಗುತ್ತಿದ್ದದ್ದು ವರ್ಷಕ್ಕೆ ಎರಡೋ ಮೂರೋ ಸಲ ಮಾತ್ರ, ಅದೂ ಕತ್ತಲಾಗುವುದರೊಳಗೆ ಹಿಂದಿರುಗುವ ಅವಸರದಲ್ಲಿ. ಹೆದ್ದಾರಿಯಲ್ಲಿ ಸಾಗುವಾಗ ಮಿಷಿಗನ್ ಸೆಂಟ್ರಲ್ ರೈಲು ನಿಲ್ದಾಣದ 18 ಅಂತಸ್ತಿನ ಗೋಪುರ ತಪ್ಪದೆ ಕಣ್ಣಿಗೆ ಬೀಳುತ್ತಿತ್ತು. ಕಿಟಕಿಗಳಲ್ಲಿ ಗಾಜು ಉಳಿದಿರಲಿಲ್ಲವಾದ್ದರಿಂದ ಕಟ್ಟಡದ ಮೂಲಕವೇ ಹಾದು ಆಚೆ ಬದಿಯ ಆಕಾಶ ಕಾಣುತ್ತಿತ್ತು. ಆ ನೋಟಕ್ಕೆ ನನ್ನ ಕಣ್ಣು ಒಗ್ಗಿಹೋಗಿತ್ತು ಎಂಬುದು ಈಗ ನೆನೆದರೆ ಬೇಸರವಾಗುತ್ತದೆ.

2024ರ ಬೇಸಿಗೆಯಲ್ಲಿ ಅಪ್ಪಾಜಿ ದಾವಣಗೆರೆಯಿಂದ ಬಂದಿದ್ದರು. ಅದೇ ಜೂನ್‌ನಲ್ಲಿ ನಿಲ್ದಾಣ ದುರಸ್ತಿ ಮುಗಿಸಿಕೊಂಡು ಸಾರ್ವಜನಿಕರಿಗೆ ತೆರೆದಿತ್ತು. ಹತ್ತಿ ಮಿಲ್ಲೊಂದರಲ್ಲಿ ಮೂವತ್ತು ವರ್ಷ ದುಡಿದು, ನೂಲು ತೆಗೆಯುವ ರಿಂಗ್ ಫ್ರೇಮ್ ವಿಭಾಗದ ಜಾಬರ್, ಅಂದರೆ ಮೇಸ್ತ್ರಿ, ಆಗಿದ್ದಾಗ ಅದರ ಬಾಗಿಲು ಮುಚ್ಚಿದ್ದನ್ನು ಕಂಡವರು ಅವರು. ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡ ಊರಿನ ಸೈರನ್‌ಗಳು ಒಂದೊಂದಾಗಿ ನಿಂತುಹೋದದ್ದನ್ನು ಕೇಳಿಸಿಕೊಂಡವರಿಗೆ ಡೆಟ್ರಾಯಿಟ್ ಅಪರಿಚಿತ ಊರೇನೂ ಆಗಲಾರದು ಎನಿಸಿ, ಜುಲೈನ ಒಂದು ಶನಿವಾರ ಅವರನ್ನು ಕರೆದುಕೊಂಡು ಹೊರಟೆ.

ಮೊದಲು ಹೋದದ್ದು ಡೌನ್‌ಟೌನ್‌ಗೆ. 1929ರ ಗಾರ್ಡಿಯನ್ ಕಟ್ಟಡದ ಬಣ್ಣದ ಹೆಂಚುಗಳ ಕಮಾನುಗಳನ್ನು ನೋಡಿದೆವು. 2009ರಿಂದ ಖಾಲಿ ಬಿದ್ದಿದ್ದು 2023ರಲ್ಲಿ ಮತ್ತೆ ತೆರೆದ ಬುಕ್ ಟವರಿನ ಗಾಜಿನ ಗುಮ್ಮಟದ ಕೆಳಗೂ ಸ್ವಲ್ಪ ಹೊತ್ತು ನಿಂತೆವು. ಆದರೆ ಅಪ್ಪಾಜಿಯನ್ನು ಕಲಕಿದ್ದು ಬ್ಯಾಗ್ಲಿ ರಸ್ತೆಯ ಮಿಷಿಗನ್ ಥಿಯೇಟರ್. 1926ರಲ್ಲಿ ಕಟ್ಟಿದ, ನಾಲ್ಕು ಸಾವಿರ ಜನ ಕೂರಬಹುದಾಗಿದ್ದ ಆ ಚಿತ್ರಮಂದಿರದ ಒಳಗನ್ನು 1970ರ ದಶಕದಲ್ಲಿ ಬಗೆದು ತೆಗೆದು ಕಾರು ನಿಲ್ಲಿಸುವ ಮೂರು ಅಂತಸ್ತುಗಳನ್ನು ಮಾಡಿದರು. ಚಾವಣಿಯ ಗಾರೆಯ ಹೂಬಳ್ಳಿಗಳು ಇನ್ನೂ ಹಾಗೆಯೇ ಇವೆ, ಅವುಗಳ ಕೆಳಗೆ ಕಾರುಗಳು ಸಾಲಾಗಿ ನಿಂತಿವೆ. ಹೆನ್ರಿ ಫೋರ್ಡ್ ತಮ್ಮ ಮೊದಲ ಗಾಡಿಯನ್ನು ಜೋಡಿಸಿದ ಕೊಟ್ಟಿಗೆ ಇದ್ದದ್ದೂ ಅದೇ ಜಾಗದಲ್ಲಿ. ಈ ನಗರದ ಕಥೆಯನ್ನು ಹೇಳಲು ಇದಕ್ಕಿಂತ ತಕ್ಕ ಜಾಗ ನನಗೆ ಗೊತ್ತಿಲ್ಲ. 1950ರಲ್ಲಿ 18.5 ಲಕ್ಷ ಜನರಿದ್ದ ಊರಿನಲ್ಲಿ 2020ರ ಜನಗಣತಿಯ ಹೊತ್ತಿಗೆ ಉಳಿದವರು 6.4 ಲಕ್ಷ ಮಂದಿ. ಕಾರ್ಖಾನೆಗಳು ಹೊರವಲಯಕ್ಕೂ ಬೇರೆ ರಾಜ್ಯಗಳಿಗೂ ಹೋದವು. ಬಿಳಿಯರು ಉಪನಗರಗಳಿಗೆ ಹೋದರು. ಆಫ್ರಿಕನ್ ಅಮೆರಿಕನ್ನರ ಅಂಗಡಿ, ಸಂಗೀತ, ಮನೆಗಳಿಂದ ತುಂಬಿದ್ದ ಹೇಸ್ಟಿಂಗ್ಸ್ ಬೀದಿಯನ್ನು ಅಳಿಸಿ ಅದರ ಮೇಲೆ ಹೆದ್ದಾರಿ ಹಾಸಿದರು. ನಾನು ದಿನವೂ ಓಡಾಡುವುದು ಅಂಥ ಹೆದ್ದಾರಿಗಳಲ್ಲಿಯೇ.

ಮಧ್ಯಾಹ್ನ ಕಾರ್ಕ್‌ಟೌನ್ ಬಡಾವಣೆಗೆ, ನಿಲ್ದಾಣಕ್ಕೆ ಬಂದೆವು. ನ್ಯೂಯಾರ್ಕ್‌ನ ಗ್ರ್ಯಾಂಡ್ ಸೆಂಟ್ರಲ್ ನಿಲ್ದಾಣವನ್ನು ರೂಪಿಸಿದ ವಾಸ್ತುಶಿಲ್ಪಿಗಳೇ ಇದನ್ನೂ ರೂಪಿಸಿದರು. 1913ರ ಡಿಸೆಂಬರ್‌ನಲ್ಲಿ ಇದು ತೆರೆಯಿತು. ಪ್ರಯಾಣಿಕರು ಟ್ರಾಮ್‌ಗಳಲ್ಲಿ ಬರುತ್ತಾರೆಂದು ನಂಬಿ ಡೌನ್‌ಟೌನ್‌ನಿಂದ ದೂರದಲ್ಲಿ ಕಟ್ಟಿದ್ದರು. ಟ್ರಾಮ್‌ಗಳು ನಿಂತವು, ಜನ ಕಾರು ಕೊಂಡರು. 1988ರ ಜನವರಿಯಲ್ಲಿ ಕೊನೆಯ ರೈಲು ಹೊರಟಿತು. ಆಮೇಲಿನ ಮೂವತ್ತು ವರ್ಷ ತಾಮ್ರದ ತಂತಿಯಿಂದ ಹಿಡಿದು ಗಡಿಯಾರದವರೆಗೆ ಕೈಗೆ ಸಿಕ್ಕಿದ್ದೆಲ್ಲ ಕಳುವಾಯಿತು. 2009ರಲ್ಲಿ ಕಟ್ಟಡವನ್ನು ಕೆಡವಿಬಿಡಬೇಕೆಂದು ನಗರಸಭೆಯೇ ನಿರ್ಣಯ ಮಾಡಿತ್ತು. ಅದು ಜಾರಿಯಾಗದೆ ಉಳಿದದ್ದು ನಮ್ಮ ಪುಣ್ಯ. 2018ರಲ್ಲಿ ಫೋರ್ಡ್ ಕಂಪನಿ ಇದನ್ನು ಕೊಂಡಾಗ ನೆಲಮಾಳಿಗೆಯಿಂದ ಹೊರಹಾಕಬೇಕಾದ ನೀರೇ 35 ಲಕ್ಷ ಗ್ಯಾಲನ್ ಇತ್ತಂತೆ.

ಕಾಯುವ ಹಜಾರಕ್ಕೆ ಕಾಲಿಟ್ಟ ಅಪ್ಪಾಜಿ ಎದುರಿಗೆ ನೋಡಲಿಲ್ಲ, ತಲೆಯೆತ್ತಿ ನಿಂತುಬಿಟ್ಟರು. ಐವತ್ತು ಅಡಿಗೂ ಎತ್ತರದ ಕಮಾನು ಚಾವಣಿಗೆ ಒಟ್ಟು 29,000 ಹೆಂಚುಗಳನ್ನು ಓರೆಯಾಗಿ, ನೇಯ್ಗೆಯ ಹಾಗೆ ಒಂದರ ಪಕ್ಕ ಒಂದು ಕೂರಿಸಿದ್ದಾರೆ. ಮೂರು ದಶಕ ಮಳೆ, ಹಿಮ ತಿಂದ ಮೇಲೂ ಅವುಗಳಲ್ಲಿ ಬದಲಿಸಬೇಕಾಗಿ ಬಂದದ್ದು ಸುಮಾರು 1,300 ಮಾತ್ರ ಎಂದು ನಾನು ಹೇಳಿದಾಗ, "ಮಕ ಮ್ಯಾಲೆ ಮಾಡ್ಕೊಂಡೇ ಒಂದೊಂದನ್ನೂ ಕೂರ್ಸಿದಾರಪ್ಪ. ಕತ್ತು ಎಷ್ಟು ನೊಂದಿರ್ಬೇಕು" ಎಂದರು. ದುರಸ್ತಿಯ ವೇಳೆ ಕಾರ್ಮಿಕರಿಗೆ ಗಾರೆಯ ಅಂಚಿನ ಹಿಂದೆ ಒಂದು ಹಳೆಯ ಬಿಯರ್ ಬಾಟಲಿ ಸಿಕ್ಕಿತ್ತು. ಒಳಗಿದ್ದ ಚೀಟಿಯಲ್ಲಿ ಇಬ್ಬರು ಗಾರೆಯವರು ತಮ್ಮ ಹೆಸರು ಬರೆದು, ಈ ಚಾವಣಿ ಹಚ್ಚಿದವರು ನಾವು, 1913ರ ಜುಲೈ ಎಂದು ದಾಖಲಿಸಿದ್ದರು. ಈ ಸಂಗತಿಯನ್ನು ಅಪ್ಪಾಜಿ ನನ್ನಿಂದ ಎರಡು ಸಲ ಹೇಳಿಸಿಕೊಂಡರು.

ಕಂಬವೊಂದರ ಬಳಿ ಹೊಸ ಕಲ್ಲು ಹಳೆಯ ಕಲ್ಲನ್ನು ಕೂಡುವ ಸಂದು ಅವರ ಕಣ್ಣಿಗೆ ಬಿತ್ತು. ಅದೇ ಬಣ್ಣ, ಅದೇ ಎಳೆ ಬೇಕೆಂದು ಇಂಡಿಯಾನಾ ರಾಜ್ಯದಲ್ಲಿ ಹಲವು ವರ್ಷ ಮುಚ್ಚಿದ್ದ ಸುಣ್ಣಗಲ್ಲಿನ ಗಣಿಯನ್ನೇ ಮತ್ತೆ ತೆರೆಸಿದ್ದರು. ಅಪ್ಪಾಜಿ ತುಂಡಾದ ನೂಲನ್ನು ಬೆರಳಲ್ಲಿ ಹುಡುಕುವವರಂತೆ ಕಿರುಬೆರಳ ಉಗುರನ್ನು ಆ ಸಂದಿನ ಉದ್ದಕ್ಕೂ ಮೆಲ್ಲಗೆ ಎಳೆದರು. "ನಮ್ಮ ಮಿಲ್ಲನ್ನ ಒಂದೇ ತಿಂಗ್ಳಲ್ಲಿ ಬಿಚ್ಚಿ ಗುಜರಿಗೆ ಹಾಕಿದ್ರು. ಇದಕ್ಕೆ ಎಷ್ಟು ದಿನ ಹಿಡೀತು?" ಎಂದು ಕೇಳಿದರು. ಆರು ವರ್ಷ, ಮೂರು ಸಾವಿರಕ್ಕೂ ಹೆಚ್ಚು ಕೆಲಸಗಾರರು ಎಂದೆ. ಅವರು ಮಾತನಾಡಲಿಲ್ಲ.

ಈ ಒಂದು ಕಟ್ಟಡ ಎದ್ದುನಿಂತ ಮಾತ್ರಕ್ಕೆ ಊರು ಎದ್ದಿತೆಂದು ನಾನು ನಂಬುವುದಿಲ್ಲ. ಅಲ್ಲಿಂದ ಹತ್ತು ನಿಮಿಷ ಕಾರು ಓಡಿಸಿದರೆ, ಮನೆಗಳಿದ್ದ ಕಡೆ ಹುಲ್ಲು ಬೆಳೆದ ನಿವೇಶನಗಳೂ, ಬಸ್ಸಿಗಾಗಿ ಬಹಳ ಹೊತ್ತು ಕಾಯುವ ಮುದುಕರೂ ಕಾಣುತ್ತಾರೆ. ನಗರದ ಕಷ್ಟಕಾಲದಲ್ಲಿ ಎಲ್ಲಿಗೂ ಹೋಗದೆ ಉಳಿದವರು ಅವರೇ, ಡೌನ್‌ಟೌನ್‌ನ ಹೊಸ ಬಾಡಿಗೆಗಳು ಅವರ ಕೈಗೆ ಎಟುಕುವಂಥವಲ್ಲ. ಆದರೆ 2023ರಲ್ಲಿ ನಗರದ ಜನಸಂಖ್ಯೆ 1957ರ ನಂತರ ಮೊದಲ ಬಾರಿಗೆ ಏರಿದೆಯೆಂದು ಜನಗಣತಿ ಇಲಾಖೆ ಅಂದಾಜು ಮಾಡಿತು. ಏರಿದ್ದು ಎರಡು ಸಾವಿರಕ್ಕೂ ಕಡಿಮೆ. ಅಷ್ಟು ಸಣ್ಣ ಸಂಖ್ಯೆಯನ್ನು ಓದಿ ಆ ದಿನ ನನ್ನ ಕಣ್ಣು ತೇವವಾಗಿತ್ತು.

ಹೊರಡುವ ಮುನ್ನ ಅಪ್ಪಾಜಿ ಹಳಿಗಳನ್ನು ನೋಡಬೇಕೆಂದರು. ಕಟ್ಟಡದ ಹಿಂಬದಿಗೆ ಸುತ್ತಿಕೊಂಡು ಹೋದೆವು. ನದಿಯ ಕೆಳಗಿನ ಸುರಂಗದಲ್ಲಿ ಹಾದು ಕೆನಡಾದ ವಿಂಡ್ಸರ್‌ಗೆ ಹೋಗುವ ಸರಕು ಗಾಡಿಗಳಿಗೆಂದು ಕೆಲವು ಹಳಿಗಳು ಮಾತ್ರ ಉಳಿದಿವೆ. ಪ್ರಯಾಣಿಕರ ರೈಲನ್ನು ಮತ್ತೆ ತರಬೇಕೆಂಬ ಮಾತು ನಡೆದಿದೆಯೆಂದು ಹೇಳಿದೆ. ಬೇಲಿಯ ಸರಳು ಹಿಡಿದು ಅವರು ಬಹಳ ಹೊತ್ತು ಆ ಕಡೆಗೇ ನೋಡುತ್ತ ನಿಂತರು.

ಕಾರಿನಲ್ಲಿ ಕೂತ ಮೇಲೆ ಹೇಳಿದರು: "ಮೊದಲ್ನೇ ಗಾಡಿ ಬಂದ ದಿನ ನಂಗೊಂದು ಫೋನ್ ಮಾಡು, ಮರೀಬ್ಯಾಡ."