ಆ ಅಮ್ಮನ ಹೆಸರು

ಮಧ್ಯಾಹ್ನ ಟಿವಿಯಲ್ಲಿ ರಾಜ್‌ಕುಮಾರ್ ಅವರ ಹಳೇ ಸಿನಿಮಾ ಬರ್ತಿತ್ತು. ಅಮ್ಮನ ಪಾತ್ರದವರು ಸೆರಗಿನ ತುದಿಯಿಂದ ಮಗನ ಹಣೆ ಒರೆಸಿದರು. ಅಷ್ಟೇ. ಮಾತೇ ಇಲ್ಲ. ನಮ್ಮಮ್ಮ ಈಳಿಗೆಮಣೆ ಮುಂದೆ ಕೂತಿದ್ದವರು ಬೀನ್ಸ್ ಹೆಚ್ಚೋದು ನಿಲ್ಲಿಸಿ ನೋಡಿದರು.

ಎಂ.ವಿ. ರಾಜಮ್ಮ. ನಮಗೆಲ್ಲ ಅವರು ಬರೀ 'ಅಮ್ಮ' ಆಗಿ ಉಳಿದುಬಿಟ್ಟರು, ಅಲ್ವಾ?

ಅವರು ಬಂದಿದ್ದು ನಾಟಕ ಕಂಪನಿಯಿಂದ. ಹೆಣ್ಣಿನ ಪಾತ್ರಕ್ಕೂ ಗಂಡಸರೇ ಸೀರೆ ಉಡುತ್ತಿದ್ದ ಕಾಲ ಇನ್ನೂ ಪೂರ್ತಿ ಮುಗಿದಿರಲಿಲ್ಲ. 1936ರಲ್ಲಿ 'ಸಂಸಾರ ನೌಕ' ಸಿನಿಮಾಕ್ಕೆ ನಾಯಕಿ. ಅದೂ ಮೊದಲು ರಂಗದ ಮೇಲೆ ಗೆದ್ದ ನಾಟಕವೇ.

ಆಮೇಲೆ 1943ರಲ್ಲಿ 'ರಾಧಾರಮಣ'. ಅದಕ್ಕೆ ಅವರೇ ನಿರ್ಮಾಪಕಿ! ಕನ್ನಡ ಸಿನಿಮಾ ಮಾತಾಡೋಕೆ ಶುರು ಮಾಡಿ ಆಗಿನ್ನೂ 9 ವರ್ಷ. ಮುಂದೆ ಹೆಸರು ಮಾಡಿದ ನಟ ಬಾಲಕೃಷ್ಣ, ನಿರ್ದೇಶಕ ಜಿ.ವಿ. ಅಯ್ಯರ್ ಇಬ್ಬರೂ ತೆರೆಗೆ ಬಂದಿದ್ದು ಅದೇ ಚಿತ್ರದಲ್ಲಿ. ಎಷ್ಟು ಜನರ ಬದುಕಿಗೆ ಬಾಗಿಲು ತೆಗೆದರು ನೋಡಿ.

ಇದನ್ನೆಲ್ಲ ಅಮ್ಮನಿಗೆ ಹೇಳಿದೆ. "ದುಡ್ಡು ಹಾಕಿದ್ದೂ ಇವರೇನಾ?" ಅಂದರು.

ಈಳಿಗೆಮಣೆ ಪಕ್ಕಕ್ಕೆ ಸರಿಸಿ, ಕನ್ನಡಕ ಹಾಕ್ಕೊಂಡು, ಉಳಿದ ಸಿನಿಮಾ ಪೂರ್ತಿ ನೋಡಿದರು.