ರೂಸ್ ಬೋಲ್ಟನ್‌ಗಾಗಿ ನಾನು ಮರುಗಿದ್ದು

ಒಂದು ವಿಡಿಯೋ ಕಾಲ್‌ನಲ್ಲಿ ನನ್ನ ಮಾನ ಹೋಗಿ ಎರಡು ವರ್ಷವಾಯಿತು. ಈಗಲೂ ಆಫೀಸಿನಲ್ಲಿ ಯಾರಾದರೂ ‘ಡಾಕ್ಯುಮೆಂಟರಿ’ ಅಂದರೆ ಹಿಂದಿನ ಸಾಲಿನಿಂದ ಕಿಸಕ್ ಅಂತ ಒಂದು ನಗು ಕೇಳಿಸುತ್ತದೆ. ಆ ನಗು ಯಾರದು ಅಂತ ಮುಂದೆ ಹೇಳುತ್ತೇನೆ.

ನಾನು ಬೆಂಗಳೂರಿನಲ್ಲಿ ಇಂಗ್ಲಿಷ್ ಎಸ್‌ಡಿಎಚ್, ಅಂದರೆ ಕಿವಿ ಕೇಳದವರಿಗಾಗಿ ಹಾಕುವ ಸಬ್‌ಟೈಟಲ್, ಟೀಮ್ ನೋಡಿಕೊಳ್ಳುತ್ತೇನೆ. ಆ ವರ್ಷ ಜುಲೈನಲ್ಲಿ ಐರ್ಲೆಂಡಿನ ಕ್ಲೈಂಟ್ ಒಬ್ಬರು ಟೆಸ್ಟ್ ಕೊಟ್ಟಿದ್ದರು. ನಾಲ್ಕು ಕ್ಲಿಪ್, ಎರಡು ದಿನ. ಪಾಸಾದರೆ ಹಳೆಯ ಟಿವಿ ಕಾರ್ಯಕ್ರಮಗಳ ದೊಡ್ಡ ಲಾಟ್ ನಮಗೇ ಸಿಗುತ್ತದೆ ಅಂತ ಮ್ಯಾನೇಜರ್ ದಿನಕ್ಕೆ ಮೂರು ಸಲ ಬಂದು ಹೇಳುತ್ತಿದ್ದರು. ಎರಡನೇ ಕ್ಯೂಸಿ ಕೊಡಿ, ಅಂದರೆ ಮುಗಿದ ಫೈಲನ್ನು ಇನ್ನೊಬ್ಬರು ಪರೀಕ್ಷಿಸಲಿ ಅಂತ ಕೇಳಿದೆ. ‘ನೀವೇ ಮಾಡ್ತಿದ್ದೀರಲ್ಲ ಮೇಡಂ, ಕ್ಯೂಸಿ ಯಾಕೆ’ ಅಂದರು. ಹೊಗಳಿದರೋ, ದುಡ್ಡು ಉಳಿಸಿದರೋ ಆಗ ತಿಳಿಯಲಿಲ್ಲ.

ನಾಲ್ಕನೇ ಕ್ಲಿಪ್‌ನ ಫೈಲ್ ಹೆಸರು ಬರೀ ಒಂದು ನಂಬರ್. ಟೈಟಲ್ ಇಲ್ಲ, ಕ್ರೆಡಿಟ್ಸ್ ಕತ್ತರಿಸಿದ್ದರು, ಮೆಟಾಡೇಟಾ ಖಾಲಿ. ಜೈಲಿನಿಂದ ಬಿಡುಗಡೆಯಾದ ಇಬ್ಬರ ಹಿಂದೆ ಕ್ಯಾಮೆರಾ ಹೋಗುತ್ತದೆ. ಒಬ್ಬ ಡಬ್ಲಿನ್‌ನ ಬಡವರ ಕಡೆಯವನು, ಎಲ್ಲರೂ ಅವನನ್ನು ರ‍್ಯಾಟ್ಸ್ ಅಂತ ಕರೆಯುತ್ತಾರೆ. ಇನ್ನೊಬ್ಬ ಜೆರೆಮಿ. ವೈದ್ಯ, ಅನುಕೂಲಸ್ಥ, ಮಾತು ಬಹಳ ನಯ. ಹೊರಗಿನ ಬದುಕಿಗೆ ಹೊಂದಿಕೊಳ್ಳಲು ಇಬ್ಬರೂ ಪಾಡು ಪಡುತ್ತಾರೆ. ಪ್ರಶ್ನೆಗೆ ಉತ್ತರ ಕೊಟ್ಟು ಮುಗಿಸಿದ ಮೇಲೂ ಕ್ಯಾಮೆರಾ ಅವರ ಮುಖ ಬಿಟ್ಟು ಕದಲುವುದಿಲ್ಲ.

ಮೊದಲ ಸಲ ನೋಡುವಾಗ ನನಗೆ ನಗು ಬಂತು. ಇದನ್ನು ಒಪ್ಪಿಕೊಳ್ಳಲೇಬೇಕು, ಯಾಕೆಂದರೆ ತಪ್ಪು ಶುರುವಾಗಿದ್ದೇ ಅಲ್ಲಿ. ಹೆಡ್‌ಫೋನ್ ಹಾಕಿಕೊಂಡು ಫಕ್ಕನೆ ನಕ್ಕೆ. ನಕ್ಕ ಮೇಲೆ ನಾಚಿಕೆಯಾಯಿತು. ಪಾಪ, ಜೈಲಿನಿಂದ ಬಂದ ಮನುಷ್ಯ, ಮಾತು ತಡವರಿಸುತ್ತಿದೆ, ನಾನು ಇಲ್ಲಿ ಎಸಿಯಲ್ಲಿ ಕೂತು ನಗುತ್ತಿದ್ದೇನಲ್ಲ ಅಂತ. ಹಿಂದೆ ತಿರುಗಿ ಯಾರಾದರೂ ನೋಡಿದರಾ ಅಂತ ಬೇರೆ ನೋಡಿದೆ. ಆಮೇಲೆ ಟೂಲ್‌ನಲ್ಲಿ ಡಾಕ್ಯುಮೆಂಟರಿ ಪ್ರೊಫೈಲ್ ಒತ್ತಿ, ಗಂಭೀರವಾಗಿ ಕೆಲಸ ಶುರು ಮಾಡಿದೆ.

ಆ ಗಾಂಭೀರ್ಯ ಏನೇನು ಹಾಳು ಮಾಡಿತು ಅಂದರೆ, ಮೊದಲು ತಡವರಿಕೆಗಳನ್ನೆಲ್ಲ ತೆಗೆದೆ. ‘ಅಂದ್ರೆ... ಅಲ್ಲ... ಅಂದ್ರೆ’ ಅನ್ನುವಂಥದ್ದೆಲ್ಲ ಹೋಯಿತು. ನಿಜವಾದ ಮನುಷ್ಯರ ಮಾತನ್ನು ಮರ್ಯಾದೆಯಿಂದ ತೋರಿಸಬೇಕಲ್ಲ! ಆಮೇಲೆ ಸಿಪಿಎಸ್ (ಸೆಕೆಂಡಿಗೆ ಓದಬೇಕಾದ ಅಕ್ಷರಗಳ ಲೆಕ್ಕ) ಜಾಸ್ತಿಯಾದ ಕಡೆ ಎರಡೆರಡು ಕ್ಯೂ, ಅಂದರೆ ಒಂದು ಸಲಕ್ಕೆ ಪರದೆ ಮೇಲೆ ಬರುವ ಸಬ್‌ಟೈಟಲ್ ತುಂಡು, ಸೇರಿಸಿದೆ. ಸಾಲಿಗೆ 42 ಅಕ್ಷರ, ಎರಡು ಸಾಲು, ನೋಡಲು ಎಷ್ಟು ಅಚ್ಚುಕಟ್ಟು. ಆದರೆ ಆ ಮನುಷ್ಯ ಬಾಯಿ ಬಿಟ್ಟು, ನಿಲ್ಲಿಸಿ, ಕ್ಯಾಮೆರಾ ಕಡೆ ನೋಡಿ, ಆಮೇಲೆ ಹೇಳುವ ಮಾತು ಅವನಿಗಿಂತ ಮೂರು ಸೆಕೆಂಡ್ ಮೊದಲೇ ಪರದೆ ಮೇಲೆ ಬಂದು ಕೂತಿತ್ತು. ನಗಿಸುವ ಮಾತನ್ನು ನಾನೇ ಮುಂಚೆ ಹೇಳಿಬಿಟ್ಟಿದ್ದೆ. ನಡುವಿನ ಚಿಕ್ಕ ಗ್ಯಾಪ್‌ಗಳನ್ನು ಟೂಲ್ ತಾನಾಗಿ ಮುಚ್ಚಿತು. ಅದಕ್ಕೆ ನಾನು ‘ಓಕೆ’ ಅಂದೆ. ಒಂದು ಕಡೆಯಂತೂ ‘ದನಿ ನಡುಗುತ್ತದೆ’ ಅಂತ ಲೇಬಲ್ ಹಾಕಿದ್ದೆ. ಅವನು ಅಲ್ಲಿ ರೈಲು ಬಿಡುತ್ತಿದ್ದ.

ಗ್ಲಾಸರಿಯ, ಅಂದರೆ ಪದಗಳ ಅರ್ಥ ಬರೆದಿಡುವ ಪಟ್ಟಿಯ, ಕಥೆ ಬೇರೆ. ನಾಲ್ಕೂ ಕ್ಲಿಪ್‌ಗೆ ಸೇರಿ ಒಂದೇ ಶೀಟ್. ‘ಗಾರ್ಡ್ಸ್’ ಅಂದರೆ ಜೈಲು ಕಾವಲುಗಾರರು ಅಂತ ಬರೆದಿದ್ದೆ. ಅಲ್ಲಿ ಗಾರ್ಡ್ಸ್ ಅಂದರೆ ಪೊಲೀಸರು, ಅವರ ಪೊಲೀಸ್ ಪಡೆಯ ಹೆಸರೇ ಗಾರ್ಡ. ‘ಐ ಆಮ್ ಆಫ್ಟರ್ ಈಟಿಂಗ್’ ಅಂದರೆ ಊಟ ಹುಡುಕುತ್ತಿದ್ದಾನೆ ಅಂದುಕೊಂಡು ವ್ಯಾಕರಣ ಬೇರೆ ತಿದ್ದಿದ್ದೆ. ಅದರ ಅರ್ಥ ‘ಈಗಷ್ಟೇ ಊಟ ಆಯ್ತು’. ಐರಿಷ್ ಭಾಷೆಯ ವಾಕ್ಯದ ಕಟ್ಟು ಅವರ ಇಂಗ್ಲಿಷ್‌ಗೆ ಬಂದು ಕೂತಿದೆ. ‘ಊಟ ಆಯ್ತಾ’ ಅನ್ನುವುದನ್ನು ನಾವು ಇಂಗ್ಲಿಷ್‌ನಲ್ಲಿ ಹೇಳುವ ಚಂದ ಕೇಳಿದವರಿಗೆ ಇದೇನು ಹೊಸದಲ್ಲ. ನನಗೆ ಮಾತ್ರ ಹೊಳೆಯಲಿಲ್ಲ. ಇನ್ನು ‘ದಿ ಜಾಯ್’. ಡಬ್ಲಿನ್‌ನ ಮೌಂಟ್‌ಜಾಯ್ ಜೈಲಿಗೆ ಜನ ಇಟ್ಟ ಅಡ್ಡಹೆಸರು ಅದು. 1850ರಿಂದ ಇರುವ ಜೈಲು. ನಮ್ಮ ಆಟೋ ಟ್ರಾನ್ಸ್‌ಕ್ರಿಪ್ಟ್ ಅದನ್ನು ಸಣ್ಣ ಅಕ್ಷರದಲ್ಲಿ ಬರೆಯಿತು, ನಾನು ಅದನ್ನು ‘ಸಂತೋಷ’ ಅಂತ ಓದಿದೆ. ಜೈಲಿನಲ್ಲೂ ಸಂತೋಷ ಕಂಡ ಜೀವ ಅಂತ ಮನಸ್ಸು ಕರಗಿತು ಅಂದರೆ ನಂಬುತ್ತೀರಾ?

ರಿವ್ಯೂ ಕಾಲ್ ನಮ್ಮ ಮಧ್ಯಾಹ್ನ ಎರಡೂವರೆಗೆ, ಅವರ ಬೆಳಿಗ್ಗೆ ಹತ್ತಕ್ಕೆ. ಆ ಕಡೆ ಮೂವರು, ಅವರಲ್ಲಿ ಒಬ್ಬರು ಹೆಂಗಸು. ಈ ಕಡೆ ನಾನು, ಮ್ಯಾನೇಜರ್, ಮತ್ತು ಸೇರಿ ಮೂರು ವಾರವಾಗಿದ್ದ ಹೊಸ ಹುಡುಗ. ‘ಸುಮ್ನೆ ಕೂತು ಕಲಿತುಕೋ’ ಅಂತ ನಾನೇ ಅವನನ್ನು ಕರೆದಿದ್ದೆ.

ಮೊದಲ ಮೂರು ಕ್ಲಿಪ್ ಸಲೀಸಾಗಿ ಹೋದವು. ಗ್ಲಾಸರಿ ಬಗ್ಗೆ ಆ ಹೆಂಗಸು ಸಣ್ಣ ಟಿಪ್ಪಣಿ ಕೊಟ್ಟರು, ನಾನು ಬರೆದುಕೊಂಡೆ. ನಾಲ್ಕನೆಯದು ಶುರುವಾಯಿತು. ಅರ್ಧ ನಿಮಿಷಕ್ಕೆ ಆ ಕಡೆ ಒಬ್ಬರು ಮ್ಯೂಟ್ ಮಾಡಿಕೊಂಡರು. ಇನ್ನೊಬ್ಬರು ಕ್ಯಾಮೆರಾ ಆಫ್ ಮಾಡಿದರು. ನೆಟ್‌ವರ್ಕ್ ತೊಂದರೆ ಇರಬೇಕು ಅಂದುಕೊಂಡೆ. ಆ ಹೆಂಗಸು ಮಾತ್ರ ತುಟಿ ಬಿಗಿದು ಕೇಳಿದರು: ಈ ಕ್ಲಿಪ್ ಬಗ್ಗೆ ನಿಮ್ಮ ಅಪ್ರೋಚ್ ಏನಿತ್ತು, ಸ್ವಲ್ಪ ಹೇಳುತ್ತೀರಾ?

ಅಲ್ಲೇ ಬಾಯಿ ಮುಚ್ಚಿಕೊಳ್ಳಬಹುದಿತ್ತು. ‘ನೀವೇ ಹೇಳಿ’ ಅನ್ನಬಹುದಿತ್ತು. ನಾನು ಭಾಷಣ ಕೊಟ್ಟೆ. ಇದು ಸೂಕ್ಷ್ಮವಾದ ವಿಷಯ, ಈ ಇಬ್ಬರು ಮಹನೀಯರ ಘನತೆಗೆ ಕುಂದು ಬರಬಾರದು ಅಂತ ಪ್ರತಿ ಸಾಲಿನಲ್ಲೂ ಎಚ್ಚರ ವಹಿಸಿದ್ದೇವೆ ಅಂದೆ. ಅವರು ಈಗ ಹೇಗಿದ್ದಾರೋ, ಚೆನ್ನಾಗಿರಲಿ ಅಂತಲೂ ಸೇರಿಸಿದೆ. ಮ್ಯಾನೇಜರ್ ತಲೆಯಾಡಿಸುತ್ತಿದ್ದರು. ಕ್ಲಿಪ್ ನೋಡಿಯೇ ಇರಲಿಲ್ಲ ಪುಣ್ಯಾತ್ಮ.

ಯಾರೂ ಮಾತಾಡಲಿಲ್ಲ. ಹತ್ತು ಸೆಕೆಂಡ್ ಇರಬಹುದು. ಸೆಕೆಂಡಿಗೆ 25 ಫ್ರೇಮ್ ಲೆಕ್ಕದಲ್ಲಿ 250 ಫ್ರೇಮ್. ಒಂದೊಂದನ್ನೂ ಎಣಿಸಿದ ಹಾಗೆ ನೆನಪಿದೆ.

ಅಷ್ಟರಲ್ಲಿ ಚಾಟ್‌ನಲ್ಲಿ ಟಿಂಗ್ ಅಂತು. ಹುಡುಗ ನನಗೊಬ್ಬಳಿಗೇ ಕಳಿಸಲು ಹೋಗಿ ಎಲ್ಲರಿಗೂ ಕಳಿಸಿದ್ದ. ‘ಅಕ್ಕಾ, ಇವನು ಗೇಮ್ ಆಫ್ ಥ್ರೋನ್ಸ್‌ನ ರೂಸ್ ಬೋಲ್ಟನ್.’ ಕನ್ನಡ ಅಕ್ಷರದಲ್ಲಿ ಟೈಪ್ ಮಾಡಿದ್ದರೆ ಬಚಾವಾಗುತ್ತಿದ್ದೆ. ಇಂಗ್ಲಿಷ್ ಅಕ್ಷರದಲ್ಲಿದ್ದ ಹೆಸರು ಡಬ್ಲಿನ್‌ಗೂ ಅರ್ಥವಾಯಿತು. ಹಿಂದೆಯೇ ಇನ್ನೊಂದು ಟಿಂಗ್: ‘ಆ ಡಾಕ್ಟ್ರು ಡೌನ್‌ಟನ್ ಅಬಿಯ ಬೇಟ್ಸ್ ಅಲ್ವಾ?’

ಆ ಕಡೆ ಮೂವರೂ ಅನ್‌ಮ್ಯೂಟ್ ಮಾಡಿ ನಕ್ಕರು. ಹೊಟ್ಟೆ ಹಿಡಿದುಕೊಂಡು ನಕ್ಕರು. ಕ್ಯಾಮೆರಾ ಆಫ್ ಮಾಡಿದ್ದವರೂ ಆನ್ ಮಾಡಿಕೊಂಡು ನಕ್ಕರು.

ಅದು ‘ಪಾತ್ಸ್ ಟು ಫ್ರೀಡಮ್’. 2000ದಲ್ಲಿ ಐರ್ಲೆಂಡಿನ ಸಾರ್ವಜನಿಕ ಟಿವಿ ವಾಹಿನಿ ಆರ್‌ಟಿಇಯಲ್ಲಿ ಬಂದ ಮಾಕ್ಯುಮೆಂಟರಿ, ಅಂದರೆ ಡಾಕ್ಯುಮೆಂಟರಿಯ ವೇಷ ಹಾಕಿದ ಕಾಮಿಡಿ. ಬರೆದವರು ಮೈಕಲ್ ಮೆಕೆಲ್‌ಹಾಟನ್ ಮತ್ತು ಇಯಾನ್ ಫಿಟ್ಸ್‌ಗಿಬ್ಬನ್. ರ‍್ಯಾಟ್ಸ್ ಆಗಿದ್ದು ಮೆಕೆಲ್‌ಹಾಟನ್ ಅವರೇ, ಮುಂದೆ ಗೇಮ್ ಆಫ್ ಥ್ರೋನ್ಸ್ ಸೀರಿಯಲ್‌ನಲ್ಲಿ ರೂಸ್ ಬೋಲ್ಟನ್ ಆದ ನಟ. ಜೆರೆಮಿ ಆಗಿದ್ದು ಬ್ರೆಂಡನ್ ಕೋಯ್ಲ್, ಮುಂದೆ ಡೌನ್‌ಟನ್ ಅಬಿ ಸೀರಿಯಲ್‌ನಲ್ಲಿ ಬೇಟ್ಸ್ ಆದವರು. ಬೇಟ್ಸ್ ಪಾತ್ರಕ್ಕೂ ಡೌನ್‌ಟನ್‌ನಲ್ಲಿ ಜೈಲಾಗುತ್ತದೆ, ಆಗ ನಾನು ನಿಜವಾಗಿಯೂ ಅತ್ತಿದ್ದೆ. ಅಂದರೆ ಒಬ್ಬನೇ ನಟನಿಗೆ, ಜೈಲಿನ ವಿಷಯದಲ್ಲೇ, ಎರಡು ಸಲ ಮರುಗಿದ ಹಾಗಾಯಿತು. ಈ ಜಾತಿಯ ಕಾಮಿಡಿ ಅಂದರೆ ನನಗೆ ಗೊತ್ತಿದ್ದದ್ದು ಬ್ರಿಟಿಷರ ‘ದಿ ಆಫೀಸ್’. ಇದು ಅದಕ್ಕಿಂತ ಒಂದು ವರ್ಷ ಮೊದಲಿನದು.

ಟೆಸ್ಟ್ ಹೋಯಿತು. ಆ ಹೆಂಗಸು ಒಳ್ಳೆಯವರು, ಫೀಡ್‌ಬ್ಯಾಕ್‌ನಲ್ಲಿ ಒಂದೇ ಮಾತು ಬರೆದಿದ್ದರು: ತಾಂತ್ರಿಕವಾಗಿ ಶುದ್ಧವಾಗಿದೆ, ಒಂದು ಜೋಕೂ ಬದುಕಿಲ್ಲ. ಮ್ಯಾನೇಜರ್ ಅದರ ಮೊದಲ ಅರ್ಧವನ್ನು ಮಾತ್ರ ಮೇಲಿನವರಿಗೆ ಫಾರ್ವರ್ಡ್ ಮಾಡಿದರು.

ಆಮೇಲೆ ಒಂದು ಶನಿವಾರ ನನ್ನ ಫೈಲನ್ನೇ ತೆರೆದು, ಮೊದಲ ಸಲ ನಕ್ಕ ಜಾಗಕ್ಕೆ ಹೋದೆ. ಟೈಮ್‌ಕೋಡ್ ಇನ್ನೂ ನೆನಪಿತ್ತು. ಡಬ್ಲಿನ್‌ನವರು ಎಲ್ಲಿ ತಡೆಯಲಾರದೆ ಮ್ಯೂಟ್ ಮಾಡಿಕೊಂಡಿದ್ದರೋ ಸುಮಾರು ಅದೇ ಜಾಗ. ನನ್ನ ಕಿವಿ ಸರಿಯಾಗಿಯೇ ಕೇಳಿಸಿಕೊಂಡಿತ್ತು, ನಾನೇ ಗದರಿ ಕೂರಿಸಿದ್ದೆ. ಆವತ್ತು ಆ ಕ್ಯೂಗಳನ್ನು ಬಿಡಿಸಿದೆ, ತಡವರಿಕೆ ವಾಪಸ್ ಹಾಕಿದೆ, ಗ್ಯಾಪ್ ತೆರೆದೆ, ಆ ಲೇಬಲ್ ಅಳಿಸಿದೆ. ಯಾರೂ ಕೇಳದ, ಬಿಲ್ ಆಗದ ನಾಲ್ಕು ಗಂಟೆ. ಹುಡುಗನನ್ನು ಕರೆದು, ಏನೂ ಹೇಳದೆ ಪ್ಲೇ ಮಾಡಿದೆ. ಕಿಸಕ್ ಅಂದ.

ಮ್ಯಾನೇಜ್‌ಮೆಂಟ್ ಈ ಪ್ರಕರಣದಿಂದ ಕಲಿತದ್ದು ಇಷ್ಟು: ಹೊಸ ಕೆಲಸ ಬಂದಾಗ ತುಂಬುವ ಇನ್‌ಟೇಕ್ ಫಾರ್ಮ್‌ಗೆ ‘ಇದು ಹಾಸ್ಯವೇ?’ ಅಂತ ಒಂದು ಕಡ್ಡಾಯ ಕಾಲಂ ಸೇರಿಸಿದರು. ಎರಡನೇ ಕ್ಯೂಸಿ ಇವತ್ತಿಗೂ ಬಂದಿಲ್ಲ. ಮೊನ್ನೆ ವಾಟರ್ ಪಂಪ್ ರಿಪೇರಿಯ ಟ್ರೇನಿಂಗ್ ವಿಡಿಯೋ ಬಂದಿತ್ತು. ಆ ಕಾಲಂ ತುಂಬದೆ ಫೈಲ್ ಮುಂದೆ ಹೋಗಲಿಲ್ಲ. ‘ಇಲ್ಲ’ ಒತ್ತುವ ಮೊದಲು ಎರಡು ಸಲ ನೋಡಿದೆ.