ಎಂಜಿನ್ ನಂಬರ್ ಒಂದನ್ನೇ ನೋಡಿ ಮಿನಿಬೈಕ್‌ಗೆ ವಯಸ್ಸು ಹೇಳಬೇಡಿ

“1965ರ ಮಿನಿಬೈಕ್, ಪೂರ್ತಿ ಒರಿಜಿನಲ್” ಅಂತ ಯಾರಾದರೂ ಮಾರಾಟಕ್ಕೆ ಇಟ್ಟರೆ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ. ಆ 1965 ಎಲ್ಲಿಂದ ಬಂತು? ಬಹಳಷ್ಟು ಸಲ ಅದು ಎಂಜಿನ್ ಮೇಲಿನ ನಂಬರಿನಿಂದ ಬಂದಿರುತ್ತದೆ, ಇಲ್ಲವೇ “ನಮ್ಮ ಮಾವ ಹಾಗೆ ಹೇಳುತ್ತಿದ್ದರು” ಅನ್ನುವುದರಿಂದ. ಎರಡೂ ಸಾಲದು. ಎಂಜಿನ್ ನಂಬರ್ ಹೇಳುವುದು ಎಂಜಿನ್ ಹುಟ್ಟಿದ ದಿನವನ್ನು ಮಾತ್ರ, ಗಾಡಿ ಹುಟ್ಟಿದ ದಿನವನ್ನಲ್ಲ.

ನಾನಿರುವುದು ಅಮೆರಿಕದ ಒಹಾಯೊದಲ್ಲಿ. ಇಲ್ಲಿ ಹಳೆ ಮಿನಿಬೈಕ್‌ಗಳು ಇನ್ನೂ ಹಳ್ಳಿ ಮನೆಗಳ ಕೊಟ್ಟಿಗೆಗಳಿಂದ ಹೊರಗೆ ಬರುತ್ತಲೇ ಇವೆ. ನೋಡದವರಿಗೆ ಹೇಳುವುದಾದರೆ, ಉಕ್ಕಿನ ಪೈಪ್ ಬಗ್ಗಿಸಿ ವೆಲ್ಡ್ ಮಾಡಿದ ಪುಟ್ಟ ಚಾಸಿ, ಅದರ ಮಧ್ಯೆ ಹುಲ್ಲು ಕತ್ತರಿಸುವ ಮೆಷಿನ್ನಿನ ಜಾತಿಯ ಎಂಜಿನ್, ಹಗ್ಗ ಎಳೆದು ಸ್ಟಾರ್ಟ್, ಸ್ಪೀಡ್ ಏರಿದರೆ ತಾನೇ ಹಿಡಿದುಕೊಳ್ಳುವ ಕ್ಲಚ್, ಒಂದು ಚೈನ್. ಗೇರ್ ಇಲ್ಲ, ಎಷ್ಟೋ ಗಾಡಿಗಳಲ್ಲಿ ಶಾಕ್ ಅಬ್ಸಾರ್ಬರೂ ಇಲ್ಲ. 1960ರ ದಶಕದಲ್ಲಿ ಶುರುವಾದ ಈ ಹುಚ್ಚು 70ರ ದಶಕದ ಮೊದಲರ್ಧದಲ್ಲಿ ತಾರಕಕ್ಕೇರಿತ್ತು. ನಮ್ಮ ರಾಜ್ಯದ ಮ್ಯಾನ್ಸ್‌ಫೀಲ್ಡ್‌ನಲ್ಲಿ ಮಿಕ್ಕಿ ರಪ್ ಅವರ ರಪ್ ಕಂಪನಿ ಇತ್ತು. 1965ರ ಇಂಡಿ 500 ರೇಸಿನಲ್ಲಿ ಆರನೆಯವರಾಗಿ ಬಂದ ಅದೇ ರಪ್. ಕ್ಯಾಲಿಫೋರ್ನಿಯಾದಲ್ಲಿ ಬೊನಾಂಜಾ, ಟ್ಯಾಕೊ. ಇವು ದೊಡ್ಡ ಹೆಸರುಗಳು. ಇವುಗಳ ಜೊತೆಗೆ ಹೆಸರೇ ಉಳಿಯದ ಸಣ್ಣ ಸಣ್ಣ ವರ್ಕ್‌ಶಾಪ್‌ಗಳು, ಅಂಚೆಯಲ್ಲಿ ಬರುತ್ತಿದ್ದ ಕಿಟ್‌ಗಳು, ಮ್ಯಾಗಜಿನ್ ಜಾಹೀರಾತು ನೋಡಿ ನಕ್ಷೆ ತರಿಸಿಕೊಂಡು ಮನೆಯಲ್ಲೇ ಮಾಡಿಕೊಂಡವು.

ಊರಲ್ಲಿ ಹಳೆ ಜಾವಾ ಕೊಳ್ಳುವಾಗ ನಾವು ಆರ್‌ಸಿ ಬುಕ್ ಕೇಳುತ್ತೇವೆ, ಚಾಸಿ ನಂಬರ್ ತಾಳೆ ನೋಡುತ್ತೇವೆ, ಅಲ್ವಾ? ಮಿನಿಬೈಕ್‌ಗೆ ಆ ಭಾಗ್ಯ ಇಲ್ಲ. ಇದು ರಸ್ತೆಗೆ ಇಳಿಯುವ ಗಾಡಿಯಾಗಿರಲಿಲ್ಲ, ಹಾಗಾಗಿ ಹೆಚ್ಚಿನವಕ್ಕೆ ರಿಜಿಸ್ಟ್ರೇಷನ್ ಅನ್ನುವುದೇ ಇರಲಿಲ್ಲ. ಕಾಗದ ಇಲ್ಲ, ಎಷ್ಟೋ ಸಲ ಚಾಸಿ ಮೇಲೆ ನಂಬರೂ ಇಲ್ಲ. ಆದ್ದರಿಂದ ಲೋಹ, ಬಣ್ಣ, ಸ್ಟಿಕ್ಕರ್ ಎಲ್ಲವನ್ನೂ ಓದಬೇಕಾಗುತ್ತದೆ.

ಎಂಜಿನ್ನಿನಿಂದಲೇ ಶುರು ಮಾಡೋಣ, ಯಾಕೆಂದರೆ ಸುಲಭವಾಗಿ ಓದಲು ಸಿಗುವುದು ಅದೇ. ಬ್ರಿಗ್ಸ್ ಅಂಡ್ ಸ್ಟ್ರಾಟನ್ ಕಂಪನಿಯ ಎಂಜಿನ್ ಆದರೆ ಮೂರು ನಂಬರ್ ಇರುತ್ತವೆ: ಮಾಡೆಲ್, ಟೈಪ್, ಕೋಡ್. ತಾರೀಖು ಅಡಗಿರುವುದು ಕೋಡ್‌ನಲ್ಲಿ. 7004151 ಅಂತ ಇದ್ದರೆ ಮೊದಲ ಎರಡು ಅಂಕಿ ವರ್ಷ, ಆಮೇಲಿನ ಎರಡು ತಿಂಗಳು, ಆಮೇಲೆ ದಿನ. ಅಂದರೆ 1970ರ ಏಪ್ರಿಲ್ 15. ಕೊನೆಯದು ಕಾರ್ಖಾನೆಯ ಗುರುತು. ಮಾಡೆಲ್ ನಂಬರಿನ ಶುರುವಿನ ಅಂಕಿ ಎಂಜಿನ್ನಿನ ಗಾತ್ರ, ಘನ ಇಂಚಿನಲ್ಲಿ. 80202 ಅಂದರೆ ಸುಮಾರು 8 ಘನ ಇಂಚು, 3 ಹಾರ್ಸ್‌ಪವರ್‌ನದು. 130202 ಅಂದರೆ ಸುಮಾರು 13, ಅದು 5 ಹಾರ್ಸ್‌ಪವರ್. ಎಷ್ಟು ಚೆನ್ನಾಗಿದೆ ನೋಡಿ, ಅರ್ಧ ನಿಮಿಷದ ಕೆಲಸ.

ಆದರೆ ಈ ನಂಬರುಗಳನ್ನು ಒತ್ತಿರುವುದು ಎಲ್ಲಿ? ಫ್ಲೈವೀಲ್ ಮುಚ್ಚುವ ತಗಡಿನ ಕವರ್ ಮೇಲೆ. ನಾಲ್ಕು ಬೋಲ್ಟ್ ಬಿಚ್ಚಿದರೆ ಕವರ್ ಕೈಗೆ ಬರುತ್ತದೆ. ಹಗ್ಗದ ಸ್ಟಾರ್ಟರ್ ಕೆಟ್ಟಿತು ಅಂತ ಗುಜರಿಯಿಂದ ಇನ್ನೊಂದು ಎಂಜಿನ್ನಿನ ಕವರ್ ತಂದು ಹಾಕಿದವರು ಲೆಕ್ಕವಿಲ್ಲದಷ್ಟು ಜನ. ಆಗ ಕೋಡ್ ಹೇಳುವುದು ಕವರಿನ ವಯಸ್ಸು, ಅಷ್ಟೇ. ಕವರ್ ತೆಗೆದು ಒಳಗೆ ನೋಡಿ. ಬ್ರಿಗ್ಸ್‌ನವರು ಪಾಯಿಂಟ್ಸ್ (ತೆರೆದು ಮುಚ್ಚಿ ಕಿಡಿ ಹೊತ್ತಿಸುವ ಪುಟ್ಟ ಸ್ವಿಚ್) ಬಿಟ್ಟು ಮ್ಯಾಗ್ನೆಟ್ರಾನ್ ಅನ್ನುವ ಎಲೆಕ್ಟ್ರಾನಿಕ್ ಇಗ್ನಿಷನ್‌ಗೆ ಬಂದದ್ದು 1982ರಲ್ಲಿ. 68ರ ಕೋಡ್ ಇರುವ ಕವರಿನ ಕೆಳಗೆ ಮ್ಯಾಗ್ನೆಟ್ರಾನ್ ಕಂಡರೆ ಯಾರೋ ಕೈಯಾಡಿಸಿದ್ದಾರೆ ಅಂತ ಗೊತ್ತಾಗುತ್ತದೆ. ಕಾಯಿಲ್ ಮಾತ್ರ ಬದಲಾಯಿತೋ, ಇಡೀ ಎಂಜಿನ್ನೇ ಬದಲಾಯಿತೋ, ಅದನ್ನು ಮುಂದೆ ಹುಡುಕಬೇಕು.

ಟೆಕಮ್ಸೆ ಎಂಜಿನ್ ಸ್ವಲ್ಪ ಜಾಸ್ತಿ ಆಟ ಆಡಿಸುತ್ತದೆ. ಎಚ್35, ಎಚ್‌ಎಸ್40 ಅನ್ನುವ ಹೆಸರುಗಳು ಸರಳ. ಎಚ್ ಅಂದರೆ ಶಾಫ್ಟ್ ಅಡ್ಡಕ್ಕೆ ಇದೆ ಅಂತ, ಅಂಕಿ ಹಾರ್ಸ್‌ಪವರ್, 35 ಅಂದರೆ ಮೂರೂವರೆ. ಸೀರಿಯಲ್ ನಂಬರಿನ ಮೊದಲ ಅಂಕಿ ವರ್ಷದ ಕೊನೆಯ ಅಂಕಿ, ಮುಂದಿನ ಮೂರು ಅಂಕಿ ವರ್ಷದ ಎಷ್ಟನೆಯ ದಿನ ಅನ್ನುವುದು. 1105 ಅಂತ ಶುರುವಾದರೆ, 1ರಲ್ಲಿ ಮುಗಿಯುವ ಯಾವುದೋ ವರ್ಷದ 105ನೇ ದಿನ, ಏಪ್ರಿಲ್ 15. ಯಾವ ವರ್ಷ? 61, 71, 81 ಮೂರೂ ಆಗಬಹುದು. ದಶಕವನ್ನು ಆ ನಂಬರ್ ಹೇಳುವುದೇ ಇಲ್ಲ. ಅದನ್ನು ಗಾಡಿಯ ಉಳಿದ ಭಾಗಗಳೇ ಹೇಳಬೇಕು. ಸಿಯರ್ಸ್ ಅಂಗಡಿಯ ಹೆಸರಿರುವ ಎಂಜಿನ್ ಸಿಕ್ಕಿ, ಅದರ ಮಾಡೆಲ್ ನಂಬರ್ 143 ಅಂತ ಶುರುವಾಗಿ ಆಮೇಲೆ ಒಂದು ಚುಕ್ಕೆ ಇದ್ದರೆ ಅದೂ ಟೆಕಮ್ಸೆಯದೇ. ಸಿಯರ್ಸ್ ತಾನು ತಯಾರಿಸುತ್ತಿರಲಿಲ್ಲ, ಬೇರೆಯವರಿಂದ ಮಾಡಿಸಿ ತನ್ನ ಹೆಸರು ಅಂಟಿಸುತ್ತಿತ್ತು. ಚುಕ್ಕೆಗೆ ಮುಂಚಿನ ಮೂರು ಅಂಕಿ ಮಾಡಿದವರು ಯಾರು ಅಂತ ತಿಳಿಸುತ್ತವೆ.

ಎಂಜಿನ್ ಬದಲಾಯಿಸುವುದು ಎಷ್ಟು ಸುಲಭ ಅಂದರೆ, ಈ ಗಾತ್ರದ ಎಂಜಿನ್‌ಗಳ ತಳದಲ್ಲಿ ಬೋಲ್ಟ್ ತೂತುಗಳ ಅಳತೆ ಹೆಚ್ಚು ಕಡಿಮೆ ಒಂದೇ. ನಾಲ್ಕು ಬೋಲ್ಟ್ ಬಿಚ್ಚಿದರೆ ಆಯಿತು. ಈಗಂತೂ 50 ವರ್ಷ ಹಳೆಯ ಚಾಸಿಯಲ್ಲಿ ಹಾರ್ಬರ್ ಫ್ರೈಟ್ ಅನ್ನುವ ಟೂಲ್ ಅಂಗಡಿಯ ಹೊಸ 212 ಸಿಸಿ ಪ್ರೆಡೇಟರ್ ಎಂಜಿನ್ ಕೂತಿರುವುದು ತೀರಾ ಮಾಮೂಲು. ಆದ್ದರಿಂದಲೇ ನನಗೆ ಚಾಸಿಯೇ ಮುಖ್ಯ.

ಚಾಸಿ ನೋಡುವಾಗ ಮೊದಲು ವೆಲ್ಡಿಂಗ್ ನೋಡಿ. ಕಾರ್ಖಾನೆಯಲ್ಲಿ ಅಚ್ಚಿನಲ್ಲಿಟ್ಟು ಮಾಡಿದ ಗಾಡಿಯ ಎಡ ಬಲ ಅಳತೆ ಕೂಡಿ ಬರುತ್ತದೆ, ಪೈಪಿನ ತುದಿಗಳನ್ನು ಒಂದಕ್ಕೊಂದು ಕೂರುವಂತೆ ಕತ್ತರಿಸಿರುತ್ತಾರೆ. ಸ್ಕೂಲಿನ ವರ್ಕ್‌ಶಾಪಿನಲ್ಲಿ ಹುಡುಗರು ಮಾಡಿದ್ದರಲ್ಲಿ ಸಂದುಗಳನ್ನು ವೆಲ್ಡಿಂಗ್ ಕಡ್ಡಿಯಿಂದಲೇ ತುಂಬಿರುತ್ತಾರೆ. ಅದಕ್ಕೆ ಬ್ರ್ಯಾಂಡ್ ಹುಡುಕಿ ಪ್ರಯೋಜನವಿಲ್ಲ, ಆದರೂ ಅದು ಗುಜರಿ ಅಲ್ಲ, ದಯವಿಟ್ಟು ಎಸೆಯಬೇಡಿ. ಹ್ಯಾಂಡಲ್ ಕೂರುವ ಕತ್ತಿನ ಹತ್ತಿರದ ಬಲಪಟ್ಟಿ ಯಾವ ಆಕಾರದಲ್ಲಿದೆ, ಎಂಜಿನ್ ಕೂರುವ ತಟ್ಟೆಯಲ್ಲಿ ತೂತು ದುಂಡಗಿವೆಯೋ ಉದ್ದಕ್ಕಿವೆಯೋ, ಹಿಂದಿನ ಚಕ್ರದ ಆಕ್ಸಲ್ ಎಳೆದು ಚೈನ್ ಬಿಗಿ ಮಾಡಲು ಏನು ವ್ಯವಸ್ಥೆ ಇದೆ, ಇವೆಲ್ಲ ಒಂದೊಂದು ಕಂಪನಿಯ ಕೈಗುರುತು. ಬಣ್ಣ ಹೊಸದಾಗಬಹುದು, ಸೀಟು ಹೊಸದಾಗಬಹುದು, ಕತ್ತಿನ ಪಟ್ಟಿ ಯಾರೂ ಬದಲಾಯಿಸುವುದಿಲ್ಲ. ಬ್ರೇಕೂ ಸುಳಿವು ಕೊಡುತ್ತದೆ. ಅಗ್ಗದ ಗಾಡಿಗಳಲ್ಲಿ ಹಿಂದಿನ ಟೈರಿಗೇ ಒಂದು ಉಕ್ಕಿನ ಪಟ್ಟಿ ಒತ್ತುತ್ತಿತ್ತು, ಒಳ್ಳೆಯವಕ್ಕೆ ಡ್ರಮ್ ಅಥವಾ ಬ್ಯಾಂಡ್ ಬ್ರೇಕ್. ಈಗ ಡ್ರಮ್ ಇದ್ದರೂ ಹಳೆ ಪಟ್ಟಿಯ ಪೆಡಲ್ ಕೂರುತ್ತಿದ್ದ ಬ್ರ್ಯಾಕೆಟ್ ಚಾಸಿಯಲ್ಲಿ ಉಳಿದಿರುತ್ತದೆ.

ಸ್ಟಿಕ್ಕರ್ ವಿಷಯ ಬಂದರೆ ನನಗೆ ಮಾತು ಸಾಲುವುದಿಲ್ಲ. ಅರ್ಧ ಹರಿದ ಸ್ಟಿಕ್ಕರ್‌ನಲ್ಲಿ ಒಂದು ವಿಳಾಸ ಉಳಿದಿದ್ದರೆ ಸಾಕು. ಅಮೆರಿಕದಲ್ಲಿ 5 ಅಂಕಿಯ ಜಿಪ್ ಕೋಡ್ (ನಮ್ಮ ಪಿನ್ ಕೋಡ್ ಇದ್ದ ಹಾಗೆ) ಬಂದದ್ದು 1963ರ ಜುಲೈನಲ್ಲಿ. ಅದು ಇದ್ದರೆ ಸ್ಟಿಕ್ಕರ್ ಅದಕ್ಕಿಂತ ಹಳೆಯದಾಗಲು ಸಾಧ್ಯವಿಲ್ಲ. ಪೇಟೆಂಟ್ ನಂಬರ್ ಇನ್ನೂ ಒಳ್ಳೆಯದು. ಇಲ್ಲಿನ 30 ಲಕ್ಷದ ಪೇಟೆಂಟ್ ಕೊಟ್ಟದ್ದು 1961ರಲ್ಲಿ, 40 ಲಕ್ಷದ್ದು 1976ರ ಕೊನೆಯಲ್ಲಿ. ಕ್ಲಚ್ ಮೇಲೆ 35 ಲಕ್ಷ ದಾಟಿದ ನಂಬರ್ ಇದ್ದರೆ ಅದು 1970ಕ್ಕಿಂತ ಹಿಂದೆ ಹೋಗುವುದಿಲ್ಲ. ಆದರೆ ಹೊಳೆಯುವ, ಅಂಚು ಸವೆಯದ ಸ್ಟಿಕ್ಕರ್ ನೋಡಿ ಮರುಳಾಗಬೇಡಿ. ರಪ್, ಬೊನಾಂಜಾ ಹೆಸರಿನ ಹೊಸ ಸ್ಟಿಕ್ಕರ್‌ಗಳನ್ನು ಈಗಲೂ ಅಚ್ಚು ಹಾಕಿ ಮಾರುತ್ತಾರೆ. ರಿಪೇರಿ ಮಾಡುವವರಿಗೆ ಅವು ಬೇಕು ನಿಜ, ಸಾಕ್ಷಿಗೆ ಮಾತ್ರ ಬರುವುದಿಲ್ಲ.

ಹೋಂಡಾದವರ ಪುಟ್ಟ ಗಾಡಿಗಳು ಈ ಕಷ್ಟ ಕೊಡುವುದಿಲ್ಲ. ಚಾಸಿ ನಂಬರ್, ಎಂಜಿನ್ ನಂಬರ್ ಎರಡೂ ಇರುತ್ತವೆ. ಎರಡೂ ಒಂದೇ ಆಗಿರಬೇಕಿಲ್ಲ, ಬೇರೆ ಇದ್ದರೆ ಹೆದರಬೇಡಿ. ಝಡ್50ಎ ಇಲ್ಲಿಗೆ ಬಂದದ್ದು 1968ರಲ್ಲಿ, ಹಿಂದೆ ಶಾಕ್ ಇಲ್ಲದೆ. ಹಿಂದಿನ ಶಾಕ್ ಬಂದದ್ದು 1972ರ ಮಾಡೆಲ್‌ಗೆ. ಹತ್ತು ಅಡಿ ದೂರದಿಂದಲೇ ಇದನ್ನು ಹೇಳಬಹುದು. ಸಿಟಿ70 ಬಂದದ್ದು 1969ರಲ್ಲಿ, ಪೈಪಿನ ಬದಲು ಒತ್ತಿದ ತಗಡಿನ ಚಾಸಿ. ಒಂದು ಎಚ್ಚರಿಕೆ: ತಯಾರಾದ ತಿಂಗಳು ಬೇರೆ, ಮಾಡೆಲ್ ವರ್ಷ ಬೇರೆ. 1971ರ ಕೊನೆಗೆ ತಯಾರಾದದ್ದು 72ರ ಮಾಡೆಲ್ ಆಗಿರಬಹುದು.

ಇನ್ನೂ ಹಿಂದಕ್ಕೆ ಹೋದರೆ ಬ್ರಿಟನ್ನಿನ ಒಂದು ಜೋಡಿ ಸಿಗುತ್ತದೆ. ಎರಡನೇ ಮಹಾಯುದ್ಧದಲ್ಲಿ ಪ್ಯಾರಾಚೂಟ್ ಡಬ್ಬಿಯೊಳಗೆ ಮಡಚಿ ಇಳಿಸಲು ಮಾಡಿದ್ದು ವೆಲ್‌ಬೈಕ್, 98 ಸಿಸಿ ವಿಲಿಯರ್ಸ್ ಎಂಜಿನ್. ಯುದ್ಧ ಮುಗಿದ ಮೇಲೆ ಅದೇ ರೂಪವನ್ನು ಜನರಿಗಾಗಿ ಬ್ರಾಕ್‌ಹೌಸ್ ಕಂಪನಿಯವರು ಕಾರ್ಗಿ ಅಂತ ಮಾಡಿ 1948ರಿಂದ 1954ರವರೆಗೆ ಮಾರಿದರು. ಕಾರ್ಗಿಗಳು ಬಹಳ ಹೆಚ್ಚು, ವೆಲ್‌ಬೈಕ್ ಬಹಳ ಕಡಿಮೆ. ಹಾಗಾಗಿ ಕಾರ್ಗಿಗೆ ಮಿಲಿಟರಿ ಹಸಿರು ಬಳಿದು “ಯುದ್ಧದ ಗಾಡಿ” ಅನ್ನುವವರು ಸಿಗುತ್ತಾರೆ. ಪೆಟ್ರೋಲ್ ಟ್ಯಾಂಕ್ ನೋಡಿ. ವೆಲ್‌ಬೈಕ್‌ನಲ್ಲಿ ಟ್ಯಾಂಕ್ ಎಷ್ಟು ಕೆಳಗೆ ಇದೆ ಅಂದರೆ ಪೆಟ್ರೋಲ್ ತಾನಾಗಿ ಎಂಜಿನ್‌ಗೆ ಹರಿಯುವುದಿಲ್ಲ, ಕೈಪಂಪಿನಿಂದ ಗಾಳಿ ತುಂಬಬೇಕು. ಕಾರ್ಗಿಗೆ ಆ ಪಂಪಿಲ್ಲ.

ಈಗ ನನ್ನ ಶೆಡ್‌ನಲ್ಲಿರುವ ಗಾಡಿಯನ್ನೇ ತೆಗೆದುಕೊಳ್ಳಿ. ಇಂಡಿಯಾನಾದ ಒಂದು ತೋಟದ ಮನೆಯಿಂದ ಬಂದದ್ದು, ಮಾರಿದವರು 65ರದ್ದು ಅಂದರು. ಎಂಜಿನ್ ಟೆಕಮ್ಸೆ ಎಚ್35, ಸೀರಿಯಲ್ 2ರಿಂದ ಶುರು. ಮೇಲೆ ನೀಲಿ ಬಣ್ಣ, ಚೈನ್ ಕವರಿನ ಒಳಮೈಯಲ್ಲಿ ಮಿನುಗುವ ಚಿನ್ನದ ಬಣ್ಣ. ಸೀಟಿನ ತಳದ ಹಲಗೆಗೂ ಅದೇ ಚಿನ್ನದ ಬಣ್ಣ ಸಿಡಿದಿದೆ, ಅಂದರೆ ಸೀಟು ಮತ್ತು ಚಾಸಿ ಮೊದಲಿನಿಂದ ಜೊತೆಯಲ್ಲೇ ಇವೆ. ಎಂಜಿನ್ ತಟ್ಟೆಯಲ್ಲಿ ಒಂದೇ ಜೊತೆ ಬೋಲ್ಟ್ ಗುರುತು, ಬೇರೆ ಎಂಜಿನ್ ಕೂತ ಕಲೆ ಇಲ್ಲ. ಕ್ಲಚ್ ಪೇಟೆಂಟ್ 35 ಲಕ್ಷ ದಾಟಿದೆ. ಆ ಎಂಜಿನ್ 62ರದ್ದಾದರೆ ಕ್ಲಚ್ ಅದಕ್ಕಿಂತ ಕನಿಷ್ಠ ಎಂಟು ವರ್ಷ ಹೊಸದು. 82ಕ್ಕೆ ಈ ತರಹದ ಚಾಸಿಗಳ ಕಾಲ ಮುಗಿದಿತ್ತು. ಆದ್ದರಿಂದ ನಾನು ಅದಕ್ಕೆ ಕಟ್ಟಿದ ಚೀಟಿಯಲ್ಲಿ “ಎಂಜಿನ್ 1972, ಚಾಸಿ ಬಹುಶಃ 1971ರಿಂದ 73, ತಯಾರಕರು ಗೊತ್ತಿಲ್ಲ” ಅಂತ ಬರೆದಿದ್ದೇನೆ. ನೀವೂ ಹೀಗೇ ಬರೆಯಿರಿ ಅಂತ ಕೇಳಿಕೊಳ್ಳುತ್ತೇನೆ. ಸುಮ್ನೆ ಒಂದು ವರ್ಷ ಊಹಿಸಿ ಬರೆದರೆ, ಮುಂದೆ ಕೊಳ್ಳುವವರು ಅದನ್ನೇ ನಂಬಿ ಇನ್ನೊಬ್ಬರಿಗೆ ಹೇಳುತ್ತಾರೆ.

ಮತ್ತೆ, ಗಾಡಿ ಮನೆಗೆ ತಂದ ದಿನವೇ ಮರಳು ಹೊಡೆಸಿ ಬಣ್ಣ ತೆಗೆಸಬೇಡಿ. ತೊಳೆಯುವುದಕ್ಕೂ ಮುಂಚೆ ಫೋಟೋ ತೆಗೆಯಿರಿ, ಕತ್ತು, ಚೈನ್ ಕವರಿನ ಒಳಗೆ, ಸೀಟಿನ ಅಡಿ, ಎಂಜಿನ್ ತಟ್ಟೆ. ನನ್ನ ಈ ಗಾಡಿಯ ಕತ್ತಿನ ಮೇಲೆ ನೀಲಿ ಬಣ್ಣ ದಪ್ಪಗೆ ಕೂತಿದೆ, ಅದರ ಕೆಳಗೆ ಒತ್ತಿದ ಅಂಕಿಗಳಿರುವ ಹಾಗೆ ಬೆರಳಿಗೆ ತಗಲುತ್ತದೆ. ಪೇಂಟ್ ಸ್ಟ್ರಿಪ್ಪರ್ ಹಚ್ಚಿ ಹತ್ತಿಯಿಂದ ಒರೆಸುತ್ತಾ, ಚಿನ್ನದ ಪದರ ಉಳಿಸಿಕೊಂಡು, ಮುಂದಿನ ವಾರ ಅದನ್ನು ಓದಬೇಕು. ಇಂಥದೇ ಚಿನ್ನದ ಬಣ್ಣದ, ಕತ್ತಿನಲ್ಲಿ ತ್ರಿಕೋನದ ಪಟ್ಟಿ ಇರುವ ಗಾಡಿ ನಿಮ್ಮಲ್ಲಿ ಯಾರ ಹತ್ತಿರವಾದರೂ ಇದ್ದರೆ ಕತ್ತಿನ ಫೋಟೋ ಕಳಿಸಿ.